ಆಡು-ಹುಲಿ ಆಟ: ಸ್ಪರ್ಧೆಗೆ ಯಾವ ನಿಯಮ ಇಟ್ಟುಕೊಳ್ಳೋಣ?

ಡೊಂಬಿವಲಿ ಅಕ್ಕ

ಎಲ್ಲರಿಗೂ ನಮಸ್ಕಾರ. ನಮ್ಮ ಬಳಗದ ರಾಜ್ಯೋತ್ಸವದಲ್ಲಿ ಈ ಸಲ ಹಾಡು, ಕುಣಿತ, ಸನ್ಮಾನಗಳ ಜೊತೆಗೆ ಆಡು-ಹುಲಿ ಸ್ಪರ್ಧೆಯನ್ನೂ ಇಡಬೇಕೆಂದು ಸಭೆಯಲ್ಲಿ ತೀರ್ಮಾನವಾಯಿತು. ಎಲ್ಲರೂ ಹೂಂ ಎಂದರು. ನಿಯಮ ಬರೆಯಲು ಕುಳಿತಾಗ ಗೊತ್ತಾಯಿತು, ಒಬ್ಬೊಬ್ಬರು ಹೂಂ ಎಂದದ್ದು ಒಂದೊಂದು ಆಟಕ್ಕೆ.

ಒಬ್ಬರ ಹುಲಿ ಒಂದೇ ಸರದಿಯಲ್ಲಿ ಎರಡು ಮೂರು ಆಡುಗಳನ್ನು ಸಾಲಾಗಿ ಹಾರಿ ತಿನ್ನುತ್ತದೆ. ಇನ್ನೊಬ್ಬರ ಮನೆಯಲ್ಲಿ ಹುಲಿ ಒಂದನ್ನು ತಿಂದರೆ ಸರದಿ ಮುಗಿಯಿತು. ಎಲ್ಲ ಆಡುಗಳನ್ನು ಇಡುವ ಮೊದಲೇ ಇಟ್ಟ ಆಡನ್ನು ನಡೆಸಬಹುದು ಎಂದು ಕಾರ್ಯದರ್ಶಿಗಳು, ಕೂಡದು ಎಂದು ಅವರ ಶ್ರೀಮತಿಯವರು. ಹುಲಿ ಎಷ್ಟು ಆಡು ತಿಂದರೆ ಗೆದ್ದಂತೆ ಎಂಬುದಕ್ಕೆ ಐದು, ಆರು, ಹತ್ತು, ಎಲ್ಲವೂ ಎಂದು ನಾಲ್ಕು ಉತ್ತರಗಳು ಬಂದಿವೆ. ಗೊತ್ತಿರುವವರು ದಯವಿಟ್ಟು ತಿಳಿಸಿ. ಕರಪತ್ರ ಅಚ್ಚಿಗೆ ಹೋಗಬೇಕು.

ಠಾಣೆಯ ಮೇಷ್ಟ್ರು

ಅಕ್ಕ, ಮೊದಲು ಎಲ್ಲರೂ ಒಂದೇ ಹಾಸಿನ ಮುಂದೆ ಕುಳಿತಿದ್ದೇವೆಯೇ ಎಂದು ನೋಡಿಕೊಳ್ಳೋಣ. ಹಾಸು ಬೇರೆಯಾದರೆ ನಿಯಮದ ಮಾತೇ ವ್ಯರ್ಥ.

ಒಂದು ತ್ರಿಕೋನ ಬರೆಯಿರಿ. ಅದರ ಶಿಖರದಿಂದ ತಳದವರೆಗೆ ಒಟ್ಟು ನಾಲ್ಕು ಗೆರೆಗಳು: ಎರಡು ತ್ರಿಕೋನದ ಬದಿಗಳು, ಇನ್ನೆರಡು ಒಳಗಿನವು. ಇವನ್ನು ಕತ್ತರಿಸಿಕೊಂಡು ಮೂರು ಅಡ್ಡಗೆರೆಗಳು ತ್ರಿಕೋನದ ಆಚೆಗೂ ಚಾಚಿಕೊಳ್ಳುತ್ತವೆ. ಆ ಮೂರರ ತುದಿಗಳನ್ನು ಎಡಕ್ಕೊಂದು, ಬಲಕ್ಕೊಂದು ನೆಟ್ಟನೆಯ ಗೆರೆ ಜೋಡಿಸುತ್ತದೆ. ಈಗ ಮನೆಗಳನ್ನು, ಅಂದರೆ ಗೆರೆಗಳು ಕೂಡುವ ಜಾಗಗಳನ್ನು, ಎಣಿಸಿ. ಶಿಖರದಲ್ಲಿ 1, ಪ್ರತಿ ಅಡ್ಡಗೆರೆಯಲ್ಲಿ 6ರಂತೆ 18, ತಳದಲ್ಲಿ 4. ಒಟ್ಟು 23. ಹುಲಿ 3, ಆಡು 15.

ನಾನು ಕಲಿತ ಆಟದಲ್ಲಿ ಒಂದು ಹುಲಿ ಶಿಖರದಲ್ಲಿ, ಉಳಿದೆರಡು ಮೇಲಿನ ಅಡ್ಡಗೆರೆಯ ನಟ್ಟನಡುವಿನ ಎರಡು ಮನೆಗಳಲ್ಲಿ ಕುಳಿತಿರುತ್ತವೆ. ಆಡಿನವರದು ಮೊದಲ ಸರದಿ. ಸರದಿಗೆ ಒಂದು ಆಡನ್ನು ಯಾವುದಾದರೂ ಖಾಲಿ ಮನೆಯಲ್ಲಿ ಇಡುವುದು, ಹುಲಿಯವರು ಒಂದು ಹುಲಿಯನ್ನು ನಡೆಸುವುದು. ಹದಿನೈದೂ ಇಟ್ಟು ಮುಗಿಯುವವರೆಗೆ ಆಡು ಇಟ್ಟ ಜಾಗದಿಂದ ಕದಲುವಂತಿಲ್ಲ. ಹುಲಿಗೆ ಮಾತ್ರ ಮೊದಲಿನಿಂದಲೇ ಬೇಟೆಯ ಹಕ್ಕಿದೆ. ಪಕ್ಕದ ಮನೆಯಲ್ಲಿ ಆಡಿದ್ದು, ಅದೇ ಗೆರೆಯಲ್ಲಿ ನೇರವಾಗಿ ಅದರಾಚೆಯ ಮನೆ ಖಾಲಿಯಿದ್ದರೆ ಹಾರಿ ತಿನ್ನಬಹುದು. ಹುಲಿ ಹುಲಿಯನ್ನು ಹಾರುವುದಿಲ್ಲ. ಆಡು ಯಾರನ್ನೂ ಹಾರುವುದಿಲ್ಲ. ಮೂರು ಹುಲಿಗಳಿಗೂ ನಡೆಯಿಲ್ಲದಂತೆ ಕಟ್ಟಿದರೆ ಆಡು ಗೆದ್ದಂತೆ.

ಇಷ್ಟರಲ್ಲಿ ಯಾರಿಗಾದರೂ ತಕರಾರಿದೆಯೇ?

ವಾಸ್ಕೊದಲ್ಲಿರುವ ಹುಬ್ಬಳ್ಳಿಯವ

ಇದೆ ಸರ್. ತಿನ್ನಲು ಅವಕಾಶವಿದ್ದರೆ ಹುಲಿ ತಿನ್ನಲೇಬೇಕು ಎಂಬುದನ್ನು ಬಿಟ್ಟಿದ್ದೀರಿ. ಇಲ್ಲಿ ಬಂದರಿನ ಕಡೆ ಕೆಲಸ ಮಾಡುವ ನಮ್ಮವರು ಪಾಳಿ ಮುಗಿದ ಮೇಲೆ ಗೋದಾಮಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಹಾಸು ಬರೆದು ಆಡುತ್ತೇವೆ. ಹುಲಿ ಮುಂದಿರುವ ಆಡನ್ನು ಬಿಟ್ಟು ಬೇರೆ ನಡೆ ನಡೆದರೆ ಆ ಹುಲಿಯನ್ನೇ ಎತ್ತಿ ಹೊರಗಿಡುತ್ತೇವೆ. ಹಸಿದ ಹುಲಿ ಸುಮ್ಮನೆ ಹೋಗುತ್ತದೆಯೇ?

ಠಾಣೆಯ ಮೇಷ್ಟ್ರು

ಹೊಟ್ಟೆ ತುಂಬಿದ ಹುಲಿ ಹೋಗುತ್ತದೆ.

ಲೆಕ್ಕದ ಹುಳ, ಪುಣೆ

ವಾಸ್ಕೊದವರ ನಿಯಮ ಚಿಕ್ಕದಾಗಿ ಕಾಣುತ್ತದೆ, ಆದರೆ ಅದು ಆಟದ ತಕ್ಕಡಿಯನ್ನೇ ಆಡಿನ ಕಡೆಗೆ ಬಾಗಿಸುತ್ತದೆ. ಹೇಗೆ ಎಂದು ಹಾಸಿನ ಮೇಲೇ ತೋರಿಸುತ್ತೇನೆ.

ಮೇಲಿನ ಅಡ್ಡಗೆರೆಯ ಆರು ಮನೆಗಳನ್ನು ಎಡದಿಂದ ಎಣಿಸಿ. ಮೂರನೆಯದರಲ್ಲಿ ಹುಲಿಯಿದೆ. ನಾನು ಎರಡನೆಯದರಲ್ಲಿ ಆಡು ಇಡುತ್ತೇನೆ. ಒಂದನೆಯದು, ಅಂದರೆ ಎಡಮೂಲೆ, ಖಾಲಿ. ಕಡ್ಡಾಯದ ನಿಯಮವಿದ್ದರೆ ಹುಲಿ ಹಾರಿ ಮೂಲೆಯಲ್ಲಿ ಬೀಳಲೇಬೇಕು. ಆ ಮೂಲೆಯಿಂದ ಹೊರಡುವ ಗೆರೆಗಳು ಎರಡೇ: ಒಂದು ಅಡ್ಡ, ಒಂದು ಕೆಳಕ್ಕೆ. ಎರಡು ಗೆರೆಗಳಲ್ಲೂ ಪಕ್ಕದ ಮನೆ ಮತ್ತು ಅದರಾಚೆಯ ಮನೆ ತುಂಬಿಸಿದರೆ ಹುಲಿ ಬಂದಿ. ಒಟ್ಟು ನಾಲ್ಕು ಆಡು. ಶಿಖರದಲ್ಲಿರುವ ಹುಲಿಯನ್ನು ಹೀಗೆ ಕಟ್ಟಲು ನಾಲ್ಕು ಗೆರೆಗಳಲ್ಲಿ ಎರಡೆರಡರಂತೆ ಎಂಟು ಮನೆ ತುಂಬಬೇಕು. ಹಾಗಾಗಿ ಒಂದು ಆಡನ್ನು ಬಲಿಕೊಟ್ಟು ಹುಲಿಯನ್ನು ಮೂಲೆಗೆ ಎಳೆಯುವುದು ಆಡಿನವರಿಗೆ ಲಾಭದ ವ್ಯಾಪಾರ. ಕಡ್ಡಾಯವಿಲ್ಲದಿದ್ದರೆ ಆ ಬಲಿಯನ್ನು ಸ್ವೀಕರಿಸಬೇಕೇ ಬೇಡವೇ ಎಂದು ಹುಲಿಯವರು ತಲೆ ಕೆರೆದುಕೊಳ್ಳಬೇಕು. ಆಟದ ರುಚಿಯಿರುವುದೇ ಆ ಕೆರೆತದಲ್ಲಿ.

ವಾಸ್ಕೊದಲ್ಲಿರುವ ಹುಬ್ಬಳ್ಳಿಯವ

ನಮ್ಮಲ್ಲಿ ಆಡಿನವರು ಯಾವಾಗಲೂ ಗೆಲ್ಲುವುದು ಏಕೆಂದು ಈಗ ತಿಳಿಯಿತು. ಆದರೂ ಗೋದಾಮಿನಲ್ಲಿ ನಮ್ಮ ನಿಯಮವೇ ನಡೆಯುತ್ತದೆ. ಡೊಂಬಿವಲಿಗೆ ನಿಮ್ಮದಿರಲಿ.

ಮಾಟುಂಗಾ ಮಾಣಿ

ಇಷ್ಟೆಲ್ಲ ತಲೆನೋವು ಏಕೆ? ಚೆನ್ನೆಮಣೆ ಇಡಿ. ಎರಡು ಸಾಲು, ಏಳೇಳು ಗುಳಿ, ಗುಳಿಗೆ ನಾಲ್ಕು ಕಾಯಿಯಂತೆ ಒಟ್ಟು 56. ಕರಾವಳಿಯವರು ಅರ್ಧ ಸಭಾಂಗಣ ತುಂಬುತ್ತಾರೆ.

ಡೊಂಬಿವಲಿ ಅಕ್ಕ

ತುಂಬುತ್ತಾರೆ, ಆಮೇಲೆ ಖಾಲಿ ಗುಳಿಯ ನಂತರದ ಗುಳಿಯಲ್ಲಿರುವುದು ಯಾರಿಗೆ ಸೇರಬೇಕು ಎಂದು ಕುಂದಾಪುರದವರೂ ಮಂಗಳೂರಿನವರೂ ರಾತ್ರಿಯವರೆಗೆ ವಾದ ಮಾಡುತ್ತಾರೆ. ಬೇಡಪ್ಪ. ಒಂದು ಜಗಳ ಮುಗಿಯಲಿ.

ನಿರ್ವಾಹಕ

ಚೆನ್ನೆಮಣೆಗೆ ಪ್ರತ್ಯೇಕ ಚರ್ಚೆ ತೆರೆಯಬಹುದು. ಇಲ್ಲಿ ಆಡು-ಹುಲಿ ಮಾತ್ರ.

ಅಂಧೇರಿ ಓದುಗ

ಹಂಪಿಯಲ್ಲಿ ಮಂಟಪಗಳ ಕಲ್ಲುನೆಲದ ಮೇಲೆ ಇಂಥ ಆಟಗಳ ಗೆರೆಗಳನ್ನು ಕೊರೆದಿರುವುದನ್ನು ನೋಡಿದ್ದೇನೆ. ಹಾಗಾದರೆ ಮೂಲ ನಿಯಮ ಯಾವುದು ಎಂದು ಎಲ್ಲಾದರೂ ದಾಖಲಾಗಿರಬೇಕಲ್ಲವೇ? ಅದನ್ನೇ ಇಟ್ಟುಕೊಂಡರೆ ಯಾರೂ ಬಾಯಿ ತೆರೆಯುವಂತಿಲ್ಲ.

ಠಾಣೆಯ ಮೇಷ್ಟ್ರು

ಗೆರೆ ಕೊರೆದವರು ನಿಯಮ ಕೊರೆದಿಲ್ಲ. ಎದುರಿಗೆ ಕುಳಿತವನಿಗೆ ಗೊತ್ತಿತ್ತು, ಅಷ್ಟೇ ಸಾಕಾಗಿತ್ತು. ಚದುರಂಗದ ಹಾಗೆ ಇದಕ್ಕೆ ಜಗತ್ತಿಗೆಲ್ಲ ಒಂದೇ ಕಟ್ಟಳೆ ಮಾಡುವ ಒಕ್ಕೂಟವಿಲ್ಲ. ತಮಿಳರು ಇದೇ ಹಾಸಿನಲ್ಲಿ ಆಡು ಪುಲಿ ಆಟ್ಟಂ ಆಡುತ್ತಾರೆ, ತೆಲುಗರು ಪುಲಿ ಜೂದಂ ಎನ್ನುತ್ತಾರೆ. ಅವರಲ್ಲೂ ಊರಿಗೊಂದು ಪದ್ಧತಿ. ಮೂಲವನ್ನು ಹುಡುಕುತ್ತ ಹೋದರೆ ಮುಂದಿನ ರಾಜ್ಯೋತ್ಸವವೂ ಬಂದುಬಿಡುತ್ತದೆ. ಸ್ಪರ್ಧೆಗೆ ಬೇಕಾದದ್ದು ಮೂಲವಲ್ಲ, ಇಬ್ಬರಿಗೂ ಮೊದಲೇ ಗೊತ್ತಿರುವ ನಿಯಮ.

ಡೊಂಬಿವಲಿ ಅಕ್ಕ

ಸರಿ, ನಿನ್ನೆ ಸೊಸೈಟಿಯ ಸಭಾಂಗಣದಲ್ಲಿ ಪರೀಕ್ಷೆಗೆಂದು ಮಕ್ಕಳನ್ನು ಕೂರಿಸಿದೆವು. ಫ್ಲೆಕ್ಸ್ ಅಂಗಡಿಯೊಂದರಲ್ಲಿ ಹಾಸನ್ನು ದೊಡ್ಡದಾಗಿ ಮುದ್ರಿಸಿಕೊಟ್ಟಿದ್ದರು. ಬಣ್ಣ ಚೆನ್ನಾಗಿದೆ, ಮೂಲೆಯಲ್ಲಿ ಕೇಳದೇ ಇದ್ದ ಹುಲಿಯ ಮುಖ ಬೇರೆ. ಆಟ ಶುರುವಾದರೆ ಹುಲಿಗಳು ಒಂದರ ಹಿಂದೆ ಒಂದು ಸಿಕ್ಕಿಬೀಳುತ್ತಿವೆ. ಯಾವ ಹುಡುಗ ಹುಲಿ ಹಿಡಿದರೂ ಸೋಲು. ಐದನೆಯ ತರಗತಿಯ ಹುಡುಗಿಯೊಬ್ಬಳು, ಆಂಟಿ, ಇಲ್ಲಿ ಗೆರೆಯೇ ಇಲ್ಲ ಎಂದಳು. ನೋಡಿದರೆ ಎಡಬಲದ ನೆಟ್ಟನೆಯ ಗೆರೆಗಳೆರಡೂ ಮಾಯ. ಅಂದಕ್ಕೆ ತೆಗೆದೆವು ಎಂದರು ಅಂಗಡಿಯವರು!

ಲೆಕ್ಕದ ಹುಳ, ಪುಣೆ

ಅದ್ಭುತ. ಆ ಎರಡು ಗೆರೆ ಹೋದರೆ ಏನಾಗುತ್ತದೆ ನೋಡಿ. ಸರಿಯಾದ ಹಾಸಿನಲ್ಲಿ ಆಡನ್ನು ಎಂದಿಗೂ ಹಾರಲಾಗದ ಮನೆಗಳು ಏಳು. ಶಿಖರ, ಪಕ್ಕದ ಚೌಕಟ್ಟಿನ ನಾಲ್ಕು ಮೂಲೆಗಳು, ತಳದ ಎರಡು ತುದಿಗಳು. ಅಲ್ಲಿಗೆ ಬರುವ ಗೆರೆಗಳೆಲ್ಲ ಅಲ್ಲೇ ಮುಗಿಯುತ್ತವೆ, ಆಡಿನ ಆಚೆಗೆ ಇಳಿಯಲು ಮನೆಯೇ ಇರುವುದಿಲ್ಲ. ನಡುವಿನ ಅಡ್ಡಗೆರೆಯ ತುದಿ ಹಾಗಲ್ಲ. ಅಡ್ಡಲಾಗಿ ಹಾರಲಾಗದು, ಆದರೆ ಮೇಲಿನ ಮೂಲೆಯಿಂದ ಕೆಳಮೂಲೆಗೆ ಹಾರಬಹುದು. ನೆಟ್ಟನೆಯ ಗೆರೆ ಅಳಿಸಿದರೆ ಆ ಎರಡು ತುದಿಗಳೂ ಸೇರಿ ಒಂಬತ್ತು ಮನೆ ಆಡಿಗೆ ಭದ್ರ. ಜೊತೆಗೆ ಅಡ್ಡಗೆರೆಗಳ ಆರು ತುದಿಗಳಲ್ಲಿ ಯಾವುದಕ್ಕೆ ಹುಲಿ ಹೋದರೂ ಎರಡೇ ಆಡಿನಿಂದ ಕಟ್ಟಬಹುದು. ಪಾಪ, ಹುಡುಗರು ಸೋಲದೆ ಏನು ಮಾಡುತ್ತಾರೆ!

ಇನ್ನೊಂದು ಗಮನಿಸಿ. ಆಡಿಗೆ ಕೋಟೆಯಾದ ಮೂಲೆಗಳೇ ಹುಲಿಗೆ ಬೋನು. ಮೊದಲ ಆಡುಗಳನ್ನು ಮೂಲೆಗಳಲ್ಲಿ ಬಚ್ಚಿಡುವ ಮಕ್ಕಳು ಆಡನ್ನು ಉಳಿಸಿಕೊಳ್ಳುತ್ತಾರೆ, ಬೋನುಗಳನ್ನು ತಾವೇ ತುಂಬಿಕೊಳ್ಳುತ್ತಾರೆ. ನಾನಾದರೆ ಕನಿಷ್ಠ ಒಂದು ಬದಿಯ ಎರಡು ಮೂಲೆಗಳನ್ನು ಖಾಲಿ ಬಿಡುತ್ತೇನೆ. ಆ ಎರಡರಲ್ಲೂ ಹುಲಿ ಕುಳಿತರೆ ಎರಡನ್ನೂ ಸೇರಿಸಿ ಐದೇ ಆಡು ಸಾಕು. ನಡುವಿನ ತುದಿಯಲ್ಲಿ ಒಂದು, ಮೇಲಿನ ಗೆರೆಯಲ್ಲಿ ಎರಡು, ಕೆಳಗಿನ ಗೆರೆಯಲ್ಲಿ ಎರಡು. ನಡುವಿನ ಆ ಒಂದನ್ನು ಯಾರೂ ಹಾರಲಾರರು, ಏಕೆಂದರೆ ಆಚೆ ಮೂಲೆಯಲ್ಲಿ ಇನ್ನೊಂದು ಹುಲಿಯೇ ಕುಳಿತಿದೆ.

ಠಾಣೆಯ ಮೇಷ್ಟ್ರು

ಭೇಷ್. ಇದನ್ನು ನಾನು ಆಡಿದ್ದೇನೆ, ಎಣಿಸಿರಲಿಲ್ಲ.

ಡೊಂಬಿವಲಿ ಅಕ್ಕ

ಗೆರೆಗಳನ್ನು ಮಾರ್ಕರ್ ಪೆನ್ನಿನಲ್ಲಿ ಎಳೆದುಕೊಂಡಿದ್ದೇವೆ. ಈಗ ಎಣಿಕೆಯ ವಿಷಯಕ್ಕೆ ಬನ್ನಿ. ಐದೋ, ಆರೋ, ಹತ್ತೋ?

ಅಂಧೇರಿ ಓದುಗ

ನೇಪಾಳದ ಬಾಘ್ ಚಾಲ್ ಇದರ ಹತ್ತಿರದ ನೆಂಟ. ಅದರಲ್ಲಿ ಐದು ತಿಂದರೆ ಹುಲಿ ಗೆದ್ದಂತೆ. ಅದನ್ನೇ ಇಡಬಹುದಲ್ಲ?

ಲೆಕ್ಕದ ಹುಳ, ಪುಣೆ

ನೆಂಟನೇ, ಆದರೆ ಮನೆ ಬೇರೆ. ಬಾಘ್ ಚಾಲ್‌ನಲ್ಲಿ ಐದಕ್ಕೆ ಐದರ ಚೌಕ, 25 ಮನೆ, ನಾಲ್ಕು ಮೂಲೆಗಳಲ್ಲಿ ನಾಲ್ಕು ಹುಲಿ, 20 ಆಡು. ಒಂದೂ ಸಾಯದೆ ಎಲ್ಲ ಆಡುಗಳು ಇಳಿದರೆ ಉಳಿಯುವುದು ಒಂದೇ ಖಾಲಿ ಮನೆ. ನಮ್ಮ ಹಾಸಿನಲ್ಲಿ 15 ಮತ್ತು 3 ಸೇರಿ 18, ಐದು ಮನೆ ಖಾಲಿ. ಇಲ್ಲಿ ಗಾಳಿಯಾಡಲು ಜಾಗವಿದೆ, ಹುಲಿಗೂ ಆಡಿಗೂ. ಅಲ್ಲಿಯ ಐದನ್ನು ಇಲ್ಲಿಗೆ ತಂದು ಅಂಟಿಸಿದರೆ ಇನ್ನೂ ಹತ್ತು ಆಡುಗಳಿರುವಾಗಲೇ ಆಟ ಮುಗಿಯುತ್ತದೆ. ಹತ್ತು ಆಡುಗಳಿಂದ ಮೂರು ಹುಲಿಗಳನ್ನು ಕಟ್ಟುವುದು ಖಂಡಿತ ಸಾಧ್ಯ. ಒಂದೇ ಬದಿಯ ಎರಡು ಮೂಲೆಗಳಿಗೆ ಐದು, ಎದುರು ಬದಿಯ ಒಂದು ಮೂಲೆಗೆ ನಾಲ್ಕು, ಒಟ್ಟು ಒಂಬತ್ತೇ ಸಾಕು.

ಅಷ್ಟೇ ಅಲ್ಲ. ಮೂರು ಹುಲಿಗಳೂ ಒಂದೇ ಬದಿಯ ಮೂರು ತುದಿಗಳಲ್ಲಿ ನಿಂತರೆ ಪ್ರತಿ ಅಡ್ಡಗೆರೆಗೆ ಎರಡರಂತೆ ಆರು ಆಡು ಸಾಕು. ಅಂದರೆ ಒಂಬತ್ತು ಆಡು ಕಳೆದುಕೊಂಡವರೂ ಲೆಕ್ಕದ ಪ್ರಕಾರ ಇನ್ನೂ ಸತ್ತಿಲ್ಲ. ಹಾಗಾಗಿ ಗೆಲುವಿನ ಗೆರೆ ಹತ್ತಕ್ಕಿರಬೇಕು ಎನ್ನುತ್ತೇನೆ.

ಮಾಟುಂಗಾ ಮಾಣಿ

ಮೂರು ಹುಲಿಗಳನ್ನು ಒಂದೇ ಗೋಡೆಗೆ ಸಾಲಾಗಿ ನಿಲ್ಲಿಸುವವನು ಆಟಕ್ಕೆ ಬಂದಿಲ್ಲ, ಊಟಕ್ಕೆ ಬಂದಿದ್ದಾನೆ.

ಡೊಂಬಿವಲಿ ಅಕ್ಕ

ಅಂಥವರೂ ಬರುತ್ತಾರೆ, ಅವರಿಗೂ ಹೆಸರು ನೋಂದಾಯಿಸಿಕೊಂಡಿದ್ದೇವೆ. ನನ್ನ ಚಿಂತೆ ಬೇರೆ. ಸಭಾಂಗಣ ನಮಗಿರುವುದು ಮಧ್ಯಾಹ್ನ ಒಂದರವರೆಗೆ ಮಾತ್ರ. ಆಮೇಲೆ ಯಾರದೋ ನಾಮಕರಣ. ಹತ್ತು ತಿನ್ನುವವರೆಗೆ ಕಾಯುತ್ತ ಕುಳಿತರೆ ತೊಟ್ಟಿಲಿನವರು ಬಂದು ನಮ್ಮನ್ನು ಎಬ್ಬಿಸುತ್ತಾರೆ.

ಠಾಣೆಯ ಮೇಷ್ಟ್ರು

ಹೊತ್ತು ತಿನ್ನುವುದು ಹತ್ತು ಎಂಬ ಎಣಿಕೆಯಲ್ಲ ಅಕ್ಕ, ಸುತ್ತು. ಇಲ್ಲಿಯವರೆಗೆ ಯಾರೂ ಆ ಮಾತು ಎತ್ತಿಲ್ಲ ಎಂಬುದೇ ನನಗೆ ಆಶ್ಚರ್ಯ.

ಎಡಬದಿಯ ಕೆಳಮೂಲೆಯಲ್ಲಿ ಒಂದು ಆಡು ಕದಲದೆ ಕುಳಿತಿದೆ ಎಂದುಕೊಳ್ಳಿ. ಮೇಲಿನ ಮೂಲೆಯಲ್ಲಿ ಇನ್ನೊಂದು. ಮೇಲಿನದು ನಡುವಿನ ತುದಿಗೆ ಇಳಿಯುತ್ತದೆ, ಮುಂದಿನ ಸರದಿಗೆ ಮತ್ತೆ ಏರುತ್ತದೆ. ಇಳಿದಾಗಲೂ ಅದನ್ನು ಹಾರಲಾಗದು, ಕೆಳಮೂಲೆ ತುಂಬಿದೆಯಲ್ಲ. ಖಾಲಿಯಾದ ಮೇಲಿನ ಮೂಲೆಗೆ ಹುಲಿ ನುಗ್ಗಿದರೆ ತಾನೇ ಬೋನಿಗೆ ಕಾಲಿಟ್ಟಂತೆ. ಬುದ್ಧಿವಂತ ಹುಲಿ ಆ ಕಡೆ ಸುಳಿಯದೆ ತಾನೂ ಹಿಂದೆ ಮುಂದೆ ಅಡ್ಡಾಡುತ್ತದೆ. ಇಬ್ಬರಲ್ಲಿ ಯಾರಿಗೂ ಸೋಲುವ ಮನಸ್ಸಿಲ್ಲ, ಗೆಲ್ಲುವ ಧೈರ್ಯವಿಲ್ಲ. ಮನೆಯಲ್ಲಾದರೆ ಅಮ್ಮ ಊಟಕ್ಕೆ ಕರೆಯುತ್ತಾಳೆ, ಆಟ ಮುಗಿಯುತ್ತದೆ. ಸ್ಪರ್ಧೆಯಲ್ಲಿ ಅದಕ್ಕೊಂದು ನಿಯಮವೇ ಬೇಕು.

ಲೆಕ್ಕದ ಹುಳ, ಪುಣೆ

ಮೇಷ್ಟ್ರು ಹೇಳಿದ್ದೇ ಈ ಚರ್ಚೆಯ ಮುಖ್ಯ ಮಾತು. ಐದೋ ಹತ್ತೋ ಎಂಬುದು ಆಟವನ್ನು ಉದ್ದ ಅಥವಾ ಗಿಡ್ಡ ಮಾಡುತ್ತದೆ, ಅಷ್ಟೇ. ಸುತ್ತಿನ ನಿಯಮವಿಲ್ಲದಿದ್ದರೆ ಆಟಕ್ಕೆ ಕೊನೆಯೇ ಇಲ್ಲ. ಬಾಘ್ ಚಾಲ್‌ನಲ್ಲಿ ಇದಕ್ಕೆಂದೇ ಒಂದು ಕಟ್ಟಳೆಯಿದೆ. ಆಡುಗಳನ್ನೆಲ್ಲ ಇಟ್ಟಾದ ಮೇಲೆ, ಹಾಸಿನ ಮೇಲೆ ಹಿಂದೆ ಒಮ್ಮೆ ಬಂದ ಸ್ಥಿತಿ ಮತ್ತೆ ಬರುವಂಥ ನಡೆಯನ್ನು ಯಾರೂ ನಡೆಯುವಂತಿಲ್ಲ. ಅಂದ ಹಾಗೆ, ಸಿಂಗಪುರದ ಲಿಮ್ ಯೂ ಜಿನ್ ಮತ್ತು ಸ್ವಿಟ್ಜರ್ಲೆಂಡಿನ ಯೂರ್ಗ್ ನೀವರ್ಗೆಲ್ಟ್ ಆ ಆಟವನ್ನು ಗಣಕಯಂತ್ರದಲ್ಲಿ ಬುಡಮಟ್ಟ ಶೋಧಿಸಿ, ಇಬ್ಬರೂ ತಪ್ಪಿಲ್ಲದೆ ಆಡಿದರೆ ಡ್ರಾ ಎಂದು ತೋರಿಸಿದ್ದಾರೆ. ನಮ್ಮ ತ್ರಿಕೋನದಲ್ಲೂ ಇಬ್ಬರು ಜಾಣರು ಎದುರುಬದುರಾದರೆ ಸುತ್ತು ಬರುವ ಸಂಭವ ದೊಡ್ಡದು.

ಡೊಂಬಿವಲಿ ಅಕ್ಕ

ಹಿಂದೆ ಬಂದ ಸ್ಥಿತಿ ಎಂದು ನೆನಪಿಟ್ಟುಕೊಳ್ಳುವವರು ಯಾರು? ನಮ್ಮ ತೀರ್ಪುಗಾರರಿಗೆ ಕನ್ನಡಕ ಎಲ್ಲಿಟ್ಟೆ ಎಂಬುದೇ ನೆನಪಿರುವುದಿಲ್ಲ.

ವಾಸ್ಕೊದಲ್ಲಿರುವ ಹುಬ್ಬಳ್ಳಿಯವ

ನಾವು ಮಾಡುವುದನ್ನು ಹೇಳುತ್ತೇನೆ. ಕೊನೆಯ ಆಡು ಇಟ್ಟ ಕೂಡಲೇ ಒಂದು ಬಟ್ಟಲಿನಲ್ಲಿ ಮೂವತ್ತು ಹುಣಸೆಬೀಜ ಇಡುತ್ತೇವೆ. ಹುಲಿ ಒಂದು ನಡೆ ನಡೆದಾಗಲೆಲ್ಲ ಹುಲಿಯವನು ಒಂದು ಬೀಜ ಎತ್ತಿ ಹೊರಗಿಡಬೇಕು. ಆಡು ತಿಂದರೆ ಬಟ್ಟಲು ಮತ್ತೆ ಭರ್ತಿ. ಬಟ್ಟಲು ಬರಿದಾದರೆ ಆಟ ನಿಲ್ಲಿಸುತ್ತೇವೆ. ಯಾರ ನೆನಪೂ ಬೇಡ, ಬರವಣಿಗೆಯೂ ಬೇಡ. ಬೀಜ ಕಡಿಮೆಯಾದಂತೆ ಹುಲಿ ಹಿಡಿದವನ ಮುಖ ನೋಡಬೇಕು, ಸುತ್ತ ನಿಂತವರೆಲ್ಲ ಜೋರಾಗಿ ಎಣಿಸುತ್ತಿರುತ್ತಾರೆ.

ಲೆಕ್ಕದ ಹುಳ, ಪುಣೆ

ಕಡ್ಡಾಯ ಬೇಟೆಯ ವಿಷಯದಲ್ಲಿ ಕಳೆದುಕೊಂಡ ಮಾನವನ್ನು ವಾಸ್ಕೊದವರು ಬಡ್ಡಿ ಸಮೇತ ವಾಪಸ್ ಪಡೆದರು. ಚದುರಂಗದಲ್ಲಿ ಕಾಯಿ ಹೊಡೆಯದೆ, ಕಾಲಾಳು ನಡೆಸದೆ 50 ನಡೆ ಕಳೆದರೆ ಡ್ರಾ ಕೇಳಬಹುದಲ್ಲ, ಅದೇ ತರ್ಕ. ನನ್ನದೊಂದು ಸೇರ್ಪಡೆ: ಬಟ್ಟಲು ಬರಿದಾದಾಗ ಡ್ರಾ ಎಂದು ಕೈತೊಳೆದುಕೊಳ್ಳಬೇಡಿ. ಪ್ರತಿ ಜೋಡಿಯೂ ಎರಡು ಆಟ ಆಡಲಿ, ಹುಲಿ-ಆಡು ಅದಲುಬದಲು ಮಾಡಿಕೊಂಡು. ಯಾರ ಹುಲಿ ಹೆಚ್ಚು ತಿಂದಿದೆಯೋ ಅವರು ಮುಂದಕ್ಕೆ. ಹುಲಿಗೆ ಅನುಕೂಲವೋ ಆಡಿಗೆ ಅನುಕೂಲವೋ ಎಂಬ ಹಳೆಯ ವಾದವೂ ಇದರಿಂದ ತಣ್ಣಗಾಗುತ್ತದೆ.

ಅಂಧೇರಿ ಓದುಗ

ಎಂಟು ತಿಂದ ಹುಲಿ ಕೊನೆಗೆ ಸಿಕ್ಕಿಬಿದ್ದರೆ? ಆ ಎಂಟು ಲೆಕ್ಕಕ್ಕುಂಟೇ?

ಠಾಣೆಯ ಮೇಷ್ಟ್ರು

ಗೆಲುವು ಆಡಿನದೇ, ಅದರಲ್ಲಿ ಎರಡು ಮಾತಿಲ್ಲ. ಎರಡು ಆಟಗಳಲ್ಲೂ ಆಡೇ ಗೆದ್ದು ಸಮವಾದರೆ ಮಾತ್ರ ಆ ಎಂಟನ್ನು ಎದುರಾಳಿಯ ಹುಲಿ ತಿಂದ ಎಣಿಕೆಯೊಂದಿಗೆ ಹೋಲಿಸಿ. ಸಾಲಾಗಿ ಹಾರುವುದನ್ನು ಮಾತ್ರ ಬೇಡವೆನ್ನಿ. ಮೂರು ಆಡುಗಳು ಒಂದೇ ಉಸಿರಿಗೆ ಹೋದರೆ ಚಿಕ್ಕ ಮಕ್ಕಳು ಅಲ್ಲೇ ಅಳುತ್ತಾರೆ, ಅಪ್ಪಂದಿರು ತೀರ್ಪುಗಾರರ ಮೇಲೆ ಏರಿಬರುತ್ತಾರೆ.

ಡೊಂಬಿವಲಿ ಅಕ್ಕ

ಹಾಗಾದರೆ ಕರಪತ್ರಕ್ಕೆ ಹೀಗೆ ಬರೆಯುತ್ತಿದ್ದೇನೆ, ಕೊನೆಯ ಸಲ ನೋಡಿಬಿಡಿ:

"ಹುಲಿ 3, ಆಡು 15. ಹುಲಿಗಳು ಶಿಖರದಲ್ಲಿ ಒಂದು, ಮೇಲಿನ ಅಡ್ಡಗೆರೆಯ ನಡುವೆ ಎರಡು. ಆಡಿನವರು ಮೊದಲು. ಹದಿನೈದನ್ನೂ ಇಟ್ಟ ಮೇಲೆಯೇ ಆಡು ನಡೆಯಬೇಕು. ಹುಲಿ ಸರದಿಗೆ ಒಂದೇ ಆಡನ್ನು, ಗೆರೆಯ ಮೇಲೆ ನೇರವಾಗಿ ಹಾರಿ ತಿನ್ನಬಹುದು. ತಿನ್ನಲೇಬೇಕೆಂದಿಲ್ಲ. ಮೂರು ಹುಲಿಗಳಿಗೂ ನಡೆಯಿಲ್ಲದಿದ್ದರೆ ಆಡಿಗೆ ಗೆಲುವು. ಹತ್ತು ಆಡು ತಿಂದರೆ ಹುಲಿಗೆ ಗೆಲುವು. ಹನ್ನೆರಡು ವರ್ಷದೊಳಗಿನವರಿಗೆ ಆರು. ಕೊನೆಯ ಆಡಿನ ನಂತರ ಬಟ್ಟಲಿನ ಮೂವತ್ತು ಬೀಜ ಮುಗಿಯುವಷ್ಟರಲ್ಲಿ ಹುಲಿ ಏನನ್ನೂ ತಿನ್ನದಿದ್ದರೆ ಆಟ ನಿಲ್ಲುತ್ತದೆ; ತಿಂದಾಗಲೆಲ್ಲ ಬಟ್ಟಲು ತುಂಬುತ್ತದೆ. ಜೋಡಿಗೆ ಎರಡು ಆಟ, ಪಕ್ಷ ಬದಲಿಸಿ. ಗೆಲುವು ಸಮವಾದರೆ ತಿಂದ ಆಡುಗಳ ಎಣಿಕೆ."

ಲೆಕ್ಕದ ಹುಳ, ಪುಣೆ

ಒಂದು ಬಿಟ್ಟುಹೋಗಿದೆ. ಆಡಿನವರಿಗೇ ನಡೆಯಿಲ್ಲದಂತಾದರೆ?

ಠಾಣೆಯ ಮೇಷ್ಟ್ರು

ಐದು ಮನೆ ಖಾಲಿಯಿರುವಾಗ ಹಾಗಾಗುವುದನ್ನು ನಾನು ಕಂಡಿಲ್ಲ. ಆದರೂ ಬರೆಯಿರಿ: ಆಡಿನವರು ಆ ಸರದಿ ಬಿಟ್ಟುಕೊಡಬೇಕು. ಬರೆಯದಿದ್ದರೆ ಅದು ಅಂದೇ ಆಗುತ್ತದೆ.

ಡೊಂಬಿವಲಿ ಅಕ್ಕ

ಸೇರಿಸಿದೆ. ಈಗ ಹುಣಸೆಬೀಜ. ಎಂಟು ಹಾಸು, ಹಾಸಿಗೆ ಮೂವತ್ತು, ಅಂದರೆ 240. ಇಲ್ಲಿ ಎಲ್ಲರ ಮನೆಯಲ್ಲೂ ಬೀಜ ತೆಗೆದ ಹುಣಸೆಹಣ್ಣೇ ಇದೆ.

ಮಾಟುಂಗಾ ಮಾಣಿ

ನಮ್ಮ ಹೋಟೆಲಿನ ಅಡುಗೆಮನೆಯಲ್ಲಿ ದಿನವೂ ಸಾರಿಗೆ ಇಡೀ ಹುಣಸೆಯನ್ನೇ ನೆನೆಹಾಕುತ್ತಾರೆ. ಬೀಜ ತೊಳೆದು ಒಣಗಿಸಿ ಡಬ್ಬದಲ್ಲಿ ಇಡುತ್ತೇನೆ, ಭಾನುವಾರ ಯಾರಾದರೂ ಬಂದು ಒಯ್ಯಿರಿ. ಬದಲಿಗೆ ಮುಂದಿನ ವರ್ಷ ಚೆನ್ನೆಮಣೆ.

ಡೊಂಬಿವಲಿ ಅಕ್ಕ

ಡಬ್ಬ ಕೊಡಿ, ಆಮೇಲೆ ಮಾತನಾಡೋಣ.